ಕಡಿಮೆ ಬೆಲೆಯ ಗೇಮ್ ಕನ್ಸೋಲ್ ಅಂದರೆ ಕ್ವಾಲಿಟಿಯೂ ಕಡಿಮೆಯೇ?

ದಾವಣಗೆರೆ_ಅಪ್ಪ:
ಎಲ್ಲರಿಗೂ ನಮಸ್ಕಾರ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದರೆ ಗೇಮ್ ಕನ್ಸೋಲ್ ಕೊಡಿಸುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟಿದ್ದೆ. ತೆಗೆದೇಬಿಟ್ಟಿದ್ದಾಳೆ. ಈಗ ಅಂಗಡಿ ಅಲೆಯುವ ಕೆಲಸ ನನ್ನದು.

ಒಂದು ಅಂಗಡಿಯಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಕೇಳಿದೆ. "ಅದು ಚೀಪ್ ಸರ್, ಕ್ವಾಲಿಟಿ ಇರಲ್ಲ. ಪ್ಲೇಸ್ಟೇಷನ್ 5 ತಗೊಳ್ಳಿ, ಅದೂ ಡಿಸ್ಕ್ ಇರೋದು" ಎಂದರು. ಡಿಸ್ಕ್ ಇಲ್ಲದ ಪ್ಲೇಸ್ಟೇಷನ್ ಹೇಗೆ ಎಂದರೆ "ಅದೂ ಹಂಗೇ" ಎಂದು ಮುಗಿಸಿಬಿಟ್ಟರು. ಮಿಕ್ಸಿಯಾದರೆ ನನಗೆ ಅಂದಾಜು ಸಿಗುತ್ತದೆ. ಕಮ್ಮಿ ದುಡ್ಡಿನದಕ್ಕೆ ಸಣ್ಣ ಮೋಟರ್ ಹಾಕಿರುತ್ತಾರೆ, ದೋಸೆ ಹಿಟ್ಟು ರುಬ್ಬಿ ರುಬ್ಬಿ ಒಂದು ದಿನ ಸುಟ್ಟ ವಾಸನೆ ಬರುತ್ತದೆ. ಕನ್ಸೋಲ್ ಕಥೆಯೂ ಅದೇನಾ? ಹತ್ತು ಹದಿನೈದು ಸಾವಿರ ಜಾಸ್ತಿ ಕೊಟ್ಟರೆ ಆ ದುಡ್ಡು ಯಾವುದಕ್ಕೆ ಹೋಗುತ್ತದೆ?

ಕುಡ್ಲದ_ಗೇಮರ್:
ಅಂಗಡಿಯವನ ಮಾರ್ಜಿನ್‌ಗೆ ಮಾರಾಯ್ರೇ!

ಬಗ್_ಹಿಡಿಯುವಾಕೆ:
ತಮಾಷೆ ಬಿಡಿ, ಪ್ರಶ್ನೆ ಚೆನ್ನಾಗಿದೆ. ನಾನು ಗೇಮ್ ಟೆಸ್ಟಿಂಗ್ ಕೆಲಸದಲ್ಲಿರುವವಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸೀರೀಸ್ ಎಸ್ ಮತ್ತು ಅದರ ದುಬಾರಿ ಅಣ್ಣ ಸೀರೀಸ್ ಎಕ್ಸ್ ಎರಡೂ 2020ರ ನವೆಂಬರ್ 10ರಂದು ಬಂದವು. ಆಗ ಇಲ್ಲಿನ ಬೆಲೆ ಎಸ್‌ಗೆ 34,990, ಎಕ್ಸ್‌ಗೆ 49,990 ರೂಪಾಯಿ. ಹದಿನೈದು ಸಾವಿರ ವ್ಯತ್ಯಾಸ. ಒಳಗೆ ನೋಡಿದರೆ ಲೆಕ್ಕ ಮಾಡುವ ಮಿದುಳು, ಅಂದರೆ ಸಿಪಿಯು, ಹೆಚ್ಚು ಕಡಿಮೆ ಒಂದೇ, ಎರಡರಲ್ಲೂ ಎಂಟು ಕೋರ್. ಗೇಮ್ ಇಟ್ಟುಕೊಳ್ಳುವ ಎಸ್‌ಎಸ್‌ಡಿಯ ವೇಗವೂ ಒಂದೇ. ಗೇಮ್ ಲೋಡ್ ಆಗುವಾಗ ಎಸ್ ಹಿಂದೆ ಬೀಳುವುದಿಲ್ಲ.

ಕತ್ತರಿ ಬಿದ್ದಿರುವುದು ಬೇರೆ ಕಡೆ. ಚಿತ್ರ ಬಿಡಿಸುವ ಭಾಗ, ಅಂದರೆ ಜಿಪಿಯು, ಎಕ್ಸ್‌ನಲ್ಲಿ 12 ಟೆರಾಫ್ಲಾಪ್ಸ್ (ಲೆಕ್ಕ ಮಾಡುವ ವೇಗದ ಅಳತೆ), ಎಸ್‌ನಲ್ಲಿ 4. ಮೂರರಲ್ಲಿ ಒಂದು ಪಾಲು. ಮೆಮೊರಿ ಎಕ್ಸ್‌ಗೆ 16 ಜಿಬಿ, ಎಸ್‌ಗೆ 10. ಅದರಲ್ಲೂ ಗೇಮ್‌ಗೆ ಸಿಗುವುದು 8 ಮಾತ್ರ. ಸ್ಟೋರೇಜ್ 1 ಟಿಬಿ ಬದಲು 512 ಜಿಬಿ, ಸಿಸ್ಟಮ್ ತನ್ನ ಪಾಲು ತಿಂದ ಮೇಲೆ ಉಳಿಯುವುದು ಸುಮಾರು 364. ಈಗಿನ ಕೆಲವು ಗೇಮ್‌ಗಳು ಒಂದೊಂದೇ ನೂರು ಜಿಬಿ ದಾಟುತ್ತವೆ, ಲೆಕ್ಕ ನೀವೇ ಹಾಕಿಕೊಳ್ಳಿ. ಡಿಸ್ಕ್ ಡ್ರೈವ್ ಇಲ್ಲವೇ ಇಲ್ಲ.

ಈಗ ಇದನ್ನು ಕಳಪೆ ಎನ್ನಬೇಕಾ? ಎಸ್‌ನ ಮುಖ್ಯ ಚಿಪ್ಪು 197 ಚದರ ಮಿಲಿಮೀಟರ್, ಎಕ್ಸ್‌ದು 360. ಚಿಪ್ಪುಗಳನ್ನು ದುಂಡನೆಯ ಸಿಲಿಕಾನ್ ವೇಫರ್‌ನಿಂದ ಕತ್ತರಿಸಿ ತೆಗೆಯುತ್ತಾರೆ. ಚಿಪ್ಪು ಸಣ್ಣದಾದಷ್ಟೂ ಒಂದು ವೇಫರ್‌ನಲ್ಲಿ ಜಾಸ್ತಿ ಸಿಗುತ್ತವೆ, ಹಾಳಾಗುವುದೂ ಕಡಿಮೆ. ಬೆಲೆ ಇಳಿದಿದ್ದರ ದೊಡ್ಡ ಕಾರಣ ಇದು. ತಯಾರಿಸುವ ವಿಧಾನ ಎರಡಕ್ಕೂ ಒಂದೇ, 7 ನ್ಯಾನೊಮೀಟರ್ (ಈ ಸಂಖ್ಯೆ ಸಣ್ಣದಾದಷ್ಟೂ ಚಿಪ್ಪಿನ ಒಳಗಿನ ಭಾಗಗಳು ಸೂಕ್ಷ್ಮ). ಅಗ್ಗದ ಬೆಸುಗೆ, ಅಗ್ಗದ ಬೋರ್ಡ್ ಅಂತೇನೂ ಇಲ್ಲ. ಸಣ್ಣ ಚಿಪ್ಪು ಕರೆಂಟ್ ಕಡಿಮೆ ಎಳೆಯುತ್ತದೆ, ಎಕ್ಸ್‌ಗೆ ಹೋಲಿಸಿದರೆ ಸುಮಾರು ಅರ್ಧ. ಕರೆಂಟ್ ಕಡಿಮೆ ಅಂದರೆ ಬಿಸಿ ಕಡಿಮೆ.

ಡಿಸ್ಕ್ ಇಲ್ಲದ ಪ್ಲೇಸ್ಟೇಷನ್ 5 ವಿಷಯ ಇನ್ನೂ ಸುಲಭ. 2021ರ ಫೆಬ್ರವರಿಯಲ್ಲಿ ಇಲ್ಲಿಗೆ ಬಂದಾಗ ಡಿಸ್ಕ್ ಇದ್ದದ್ದು 49,990, ಇಲ್ಲದ್ದು 39,990. ಚಿಪ್ಪು, ಮೆಮೊರಿ, ಎಸ್‌ಎಸ್‌ಡಿ ಎಲ್ಲ ಒಂದೇ. ಡ್ರೈವ್ ಇಲ್ಲ ಅಷ್ಟೇ. ಅಂಗಡಿಯವರು "ಅದೂ ಹಂಗೇ" ಅಂದಿದ್ದು ಶುದ್ಧ ಸುಳ್ಳು.

ಹುಬ್ಬಳ್ಳಿ_ಹುಡುಗ:
ಅಕ್ಕಾ, ಸೀರೀಸ್ ಎಸ್‌ಗೆ ನೀವು ಬಹಳ ಮೆತ್ತಗೆ ಹೇಳಿದ್ರಿ. ಬಾಲ್ಡರ್ಸ್ ಗೇಟ್ 3 ಗೇಮ್ ಮರೆತು ಹೋಯ್ತೇನ್ರಿ? 2023ರ ಆಗಸ್ಟ್‌ನಲ್ಲಿ ಕಂಪ್ಯೂಟರ್‌ಗೆ ಬಂತು, ಸೆಪ್ಟೆಂಬರ್‌ನಲ್ಲಿ ಪ್ಲೇಸ್ಟೇಷನ್‌ಗೆ ಬಂತು. ಎಕ್ಸ್‌ಬಾಕ್ಸ್‌ನವರು ಡಿಸೆಂಬರ್‌ವರೆಗೂ ಬಾಯಿ ಬಿಟ್ಟುಕೊಂಡು ಕಾಯಬೇಕಾಯಿತು. ಯಾಕೆ? ಒಂದೇ ಟಿವಿಯನ್ನು ಎರಡು ಭಾಗ ಮಾಡಿ ಇಬ್ಬರು ಆಡುವ ಸೌಲಭ್ಯ ಸೀರೀಸ್ ಎಸ್‌ನಲ್ಲಿ ಸರಿಯಾಗಿ ಓಡುತ್ತಿರಲಿಲ್ಲ. ಎಸ್, ಎಕ್ಸ್ ಎರಡೂ ಯಂತ್ರದಲ್ಲಿ ಒಂದೇ ಥರ ಇರಬೇಕು ಅನ್ನುವುದು ಎಕ್ಸ್‌ಬಾಕ್ಸ್ ಮಾಡುವ ಮೈಕ್ರೋಸಾಫ್ಟ್‌ನ ನಿಯಮ. ಕಡೆಗೆ ನಿಯಮ ಸಡಿಲ ಮಾಡಿ, ಎಸ್‌ನಲ್ಲಿ ಆ ಸೌಲಭ್ಯ ಬಿಟ್ಟು ಬಿಡುಗಡೆ ಮಾಡಿದರು. ಐವತ್ತು ಸಾವಿರ ಕೊಟ್ಟು ಎಕ್ಸ್ ತಗೊಂಡವರೂ ಅಲ್ಲಿಯವರೆಗೆ ಕಾದರು. ಇದು ಕ್ವಾಲಿಟಿ ಪ್ರಶ್ನೆ ಅಲ್ಲ ಅಂದ್ರೆ ಏನ್ರಿ ಮತ್ತೆ?

ಬಗ್_ಹಿಡಿಯುವಾಕೆ:
@ಹುಬ್ಬಳ್ಳಿ_ಹುಡುಗ ಒಪ್ಪುತ್ತೇನೆ, ಆ ಪ್ರಕರಣದಲ್ಲಿ ಮೆಮೊರಿ ನಿಜಕ್ಕೂ ಕಾಲೆಳೆಯಿತು. ಜಿಪಿಯು ಕಡಿಮೆ ಇದ್ದರೆ ರೆಸೊಲ್ಯೂಷನ್, ಅಂದರೆ ಚಿತ್ರದ ಸ್ಪಷ್ಟತೆ, ಇಳಿಸಿ ಹೇಗೋ ಸುಧಾರಿಸಬಹುದು. ಮೆಮೊರಿ ಕಡಿಮೆ ಇದ್ದರೆ ಅಷ್ಟು ಸುಲಭವಲ್ಲ, ಇಡೀ ಗೇಮ್‌ನ ಒಳಗಿನ ಜೋಡಣೆಯನ್ನೇ ಬದಲಿಸಬೇಕು. ಕಥೆಯ ಉಳಿದ ಭಾಗವನ್ನೂ ಹೇಳಿ ಮತ್ತೆ. 2025ರ ಏಪ್ರಿಲ್‌ನಲ್ಲಿ ಬಂದ ಎಂಟನೇ ಪ್ಯಾಚ್‌ನಲ್ಲಿ (ಗೇಮ್‌ನ ಅಪ್‌ಡೇಟ್) ಸೀರೀಸ್ ಎಸ್‌ಗೂ ಆ ಸೌಲಭ್ಯ ಕೊಟ್ಟರು. ಅದೇ ಯಂತ್ರ, ಅದೇ 10 ಜಿಬಿ.

ನಾನು ಬೇರೆ ಮಾಡಿ ನೋಡುವುದು ಹೀಗೆ. ಸಾಮರ್ಥ್ಯ ಕಡಿಮೆ ಇರುವುದು ಒಂದು. ಬೇಗ ಕೆಟ್ಟುಹೋಗುವುದು ಇನ್ನೊಂದು. ಅಪ್ಪ ಮಿಕ್ಸಿ ಉದಾಹರಣೆ ಕೊಟ್ಟು ಕೇಳಿದ್ದು ಎರಡನೆಯದನ್ನು. ಅಂಗಡಿಯವರು ಮೊದಲನೆಯದನ್ನು ತೋರಿಸಿ ಎರಡನೆಯದಕ್ಕೆ ಹೆದರಿಸಿದರು.

ಬೆಸುಗೆ_ಕೈ:
ನಾನು ಬೆಂಗಳೂರಿನಲ್ಲಿ ಕನ್ಸೋಲ್ ರಿಪೇರಿ ಮಾಡುತ್ತೇನೆ. ನನ್ನ ಟೇಬಲ್‌ಗೆ ಬರುವ ಯಂತ್ರಗಳ ಕಂಪನಿ ಹೆಸರು ಇಲ್ಲಿ ಬೇಡ. ಆದರೆ ಬೆಲೆ ನೋಡಿಕೊಂಡು ಯಾವ ಯಂತ್ರವೂ ಕೆಡುವುದಿಲ್ಲ. ಕೆಡುವುದು ಧೂಳಿಂದ, ಬಿಸಿಯಿಂದ, ಕೇಬಲ್ ಸಿಕ್ಕಿಸಿಯೇ ಎಳೆದಾಡಿ ಎಚ್‌ಡಿಎಂಐ ಪೋರ್ಟ್ ಮುರಿದುಕೊಳ್ಳುವುದರಿಂದ. ಟಿವಿ ಸ್ಟ್ಯಾಂಡಿನ ಒಳಗೆ ಗಾಜಿನ ಬಾಗಿಲು ಹಾಕಿ ಇಟ್ಟಿರುತ್ತಾರೆ ನೋಡಿ, ಅವರೇ ನನ್ನ ಖಾಯಂ ಗಿರಾಕಿಗಳು.

ಎಲ್ಲರಿಗೂ ಗೊತ್ತಿರುವ ಒಂದು ಹಳೇ ಕೇಸ್ ಹೇಳುತ್ತೇನೆ. ಎಕ್ಸ್‌ಬಾಕ್ಸ್ 360. 2005ರಲ್ಲಿ ಅಮೆರಿಕದಲ್ಲಿ ಎರಡು ಬೆಲೆಯಲ್ಲಿ ಬಂತು, 299 ಡಾಲರ್‌ದು ಮತ್ತು 399 ಡಾಲರ್‌ದು. 2007ರಲ್ಲಿ 479 ಡಾಲರಿನ ಎಲೀಟ್ ಕೂಡ ಬಂತು. ಮುಂದಿನ ಗುಂಡಿಯ ಸುತ್ತ ಮೂರು ಕೆಂಪು ದೀಪ ಹತ್ತಿ ಯಂತ್ರ ಸಾಯುವ ಕಾಯಿಲೆ ಮೂರಕ್ಕೂ ಇತ್ತು. ಯಾಕಂದರೆ ನೂರು ಡಾಲರ್ ಜಾಸ್ತಿ ಕೊಟ್ಟವರಿಗೆ ಸಿಕ್ಕಿದ್ದು ಹಾರ್ಡ್‌ಡಿಸ್ಕ್, ವೈರ್‌ಲೆಸ್ ಕಂಟ್ರೋಲರ್, ಇಂಥವು. ಒಳಗಿನ ಬೋರ್ಡ್ ಅದೇ. ಚಿಪ್ಪು ಕಾದು, ಆರಿಸಿದಾಗ ತಣ್ಣಗಾಗಿ, ಮತ್ತೆ ಕಾದು, ಚಿಪ್ಪಿನ ಅಡಿಯ ಸೂಕ್ಷ್ಮ ಬೆಸುಗೆಗಳು ಬಿರುಕು ಬಿಡುತ್ತಿದ್ದವು. ಜನ ಟವಲ್ ಸುತ್ತಿ ಬಿಸಿ ಮಾಡಿ ಸರಿ ಮಾಡಲು ನೋಡುತ್ತಿದ್ದರು, ಹುಚ್ಚಾಟ! 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಈ ದೋಷಕ್ಕೆ ಮೂರು ವರ್ಷದ ವಾರಂಟಿ ಘೋಷಿಸಿ, ಅದಕ್ಕಾಗಿ ನೂರು ಕೋಟಿ ಡಾಲರಿಗೂ ಮೀರಿ ಖರ್ಚು ತೋರಿಸಬೇಕಾಯಿತು.

ಇನ್ನೂ ಮಜಾ ಏನು ಗೊತ್ತಾ? ಆಮೇಲೆ ಚಿಪ್ಪುಗಳನ್ನು 90 ನ್ಯಾನೊಮೀಟರ್‌ನಿಂದ 65ಕ್ಕೆ, ಅಲ್ಲಿಂದ 45ಕ್ಕೆ ಇಳಿಸಿದರು. 2010ರ ಸ್ಲಿಮ್ ಮಾದರಿಯಲ್ಲಿ ಸಿಪಿಯು, ಜಿಪಿಯು ಎರಡನ್ನೂ ಒಂದೇ ಚಿಪ್ಪಿಗೆ ಸೇರಿಸಿದರು. ಕಾಯಿಲೆ ಬಹುಮಟ್ಟಿಗೆ ಹೋಯಿತು. ಆ ಸ್ಲಿಮ್‌ನ ಕಡಿಮೆ ಸ್ಟೋರೇಜ್‌ನ ಮಾದರಿ 199 ಡಾಲರ್. ಮೊದಲ ವರ್ಷ 399 ಕೊಟ್ಟವನಿಗಿಂತ, ಐದು ವರ್ಷ ತಡೆದು 199 ಕೊಟ್ಟವನಿಗೆ ಗಟ್ಟಿ ಯಂತ್ರ ಸಿಕ್ಕಿತು.

ಅದಕ್ಕೇ ನನ್ನ ಹತ್ತಿರ ಕೇಳಿದವರಿಗೆಲ್ಲ ಹೇಳುವುದು ಒಂದೇ: ಬೆಲೆಗಿಂತ ಮೊದಲು ಯಾವ ವರ್ಷದ ಮಾದರಿ ಅಂತ ನೋಡಿ. ಪ್ಲೇಸ್ಟೇಷನ್ 5ರಲ್ಲೂ 2022ರಿಂದ 6 ನ್ಯಾನೊಮೀಟರ್ ಚಿಪ್ಪು ಬಂತು. ಹಳೇ ಸ್ಟಾಕ್ ಕೊಡುತ್ತಿದ್ದಾರಾ ಎಂದು ಡಬ್ಬದ ಮೇಲಿನ ಮಾದರಿ ಸಂಖ್ಯೆ ಓದಿ ತಿಳಿದುಕೊಳ್ಳಿ.

ಟೆಕ್ಸಾಸ್_ಕನ್ನಡಿಗ:
ಬೆಲೆ ಮತ್ತು ಗುಣಮಟ್ಟಕ್ಕೆ ನೇರ ಸಂಬಂಧ ಇದ್ದಿದ್ದರೆ ಇಲ್ಲಿ ನಡೆದದ್ದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತೀರಿ? 2020ರಲ್ಲಿ ಸೀರೀಸ್ ಎಸ್ 299 ಡಾಲರ್. 2025ರ ಮೇನಲ್ಲಿ ಅದು 379 ಆಯಿತು, ಅಕ್ಟೋಬರ್‌ನಲ್ಲಿ 399. ಸೀರೀಸ್ ಎಕ್ಸ್ 499ರಿಂದ 649. ಒಳಗೆ ಒಂದು ಟೆರಾಫ್ಲಾಪ್ ಕೂಡ ಜಾಸ್ತಿ ಆಗಿಲ್ಲ. ಐದು ವರ್ಷ ಹಳೇ ಯಂತ್ರ, ನೂರು ಡಾಲರ್ ಜಾಸ್ತಿ. ಮೊದಲೆಲ್ಲ ಕನ್ಸೋಲ್ ಹಳೆಯದಾದಂತೆ ಬೆಲೆ ಇಳಿಯುತ್ತಿತ್ತು. ಈಗ ಉಲ್ಟಾ ಆಗಿದೆ.

ಇನ್ನೊಂದು. ಕನ್ಸೋಲ್ ಬೆಲೆಯನ್ನು ಬಿಡಿಭಾಗದ ಖರ್ಚು ಕೂಡಿಸಿ, ಮೇಲೆ ಲಾಭ ಸೇರಿಸಿ ಇಡುತ್ತಾರೆ ಅಂದುಕೊಳ್ಳಬೇಡಿ. 2021ರಲ್ಲಿ ಎಪಿಕ್ ಮತ್ತು ಆಪಲ್ ನಡುವಿನ ಕೋರ್ಟ್ ಕೇಸಿನಲ್ಲಿ ಮೈಕ್ರೋಸಾಫ್ಟ್‌ನ ಲೋರಿ ರೈಟ್ ಸಾಕ್ಷಿ ಹೇಳುವಾಗ, ಎಕ್ಸ್‌ಬಾಕ್ಸ್ ಯಂತ್ರ ಮಾರಿ ಕಂಪನಿ ಲಾಭ ಮಾಡಿಯೇ ಇಲ್ಲ ಎಂದರು. ಲಾಭ ಗೇಮ್ ಮಾರಾಟದಲ್ಲಿ, ಚಂದಾದಲ್ಲಿ. ಸೋನಿ 2006ರಲ್ಲಿ 599 ಡಾಲರಿಗೆ ಮಾರಿದ ಪ್ಲೇಸ್ಟೇಷನ್ 3 ತಯಾರಿಸಲು 800 ಡಾಲರ್ ದಾಟುತ್ತದೆ ಎಂದು ಆಗ ಬಿಚ್ಚಿ ಲೆಕ್ಕ ಹಾಕಿದವರು ಅಂದಾಜಿಸಿದ್ದರು. ಅಂದರೆ ಕಡಿಮೆ ಬೆಲೆ ಎಷ್ಟೋ ಸಲ "ಯಂತ್ರ ಮನೆಗೆ ಹೋಗಲಿ, ದುಡ್ಡು ಆಮೇಲೆ ತೆಗೆಯೋಣ" ಅನ್ನುವ ಲೆಕ್ಕಾಚಾರ.

ಡಿಸ್ಕ್_ಪ್ರೇಮಿ:
ಆ "ಆಮೇಲೆ ತೆಗೆಯೋಣ" ಬಗ್ಗೆಯೇ ನಾನು ಹೇಳಬೇಕು ಅಂತಿದ್ದೆ!

ಡಿಸ್ಕ್ ಇಲ್ಲದ ಯಂತ್ರದಲ್ಲಿ ಹತ್ತು ಸಾವಿರ ಉಳಿಯುತ್ತದೆ, ನಿಜ. ಆದರೆ ಸೋನಿಯ ದೊಡ್ಡ ಗೇಮ್‌ಗಳು ಪ್ಲೇಸ್ಟೇಷನ್ 5 (ಪಿಎಸ್5) ಬಂದಾಗಲೇ 4,999 ರೂಪಾಯಿ. ಡಿಜಿಟಲ್ ಆಗಿ ತಗೊಂಡರೆ ಅದು ನಿಮ್ಮ ಅಕೌಂಟಿನಲ್ಲೇ ಕೂತಿರುತ್ತದೆ. ಆಡಿ ಮುಗಿಸಿದ ಮೇಲೆ ಮಾರುವ ಹಾಗಿಲ್ಲ, ಪಕ್ಕದ ಮನೆ ಹುಡುಗನಿಗೆ ಕೊಡುವ ಹಾಗೂ ಇಲ್ಲ. ಡಿಸ್ಕ್ ಇದ್ದರೆ ನಾನು ಮುಗಿಸಿ, ಮಾರಿ, ಆ ದುಡ್ಡಿಗೆ ಸ್ವಲ್ಪ ಸೇರಿಸಿ ಮುಂದಿನದು ತರುತ್ತೇನೆ. ನಮ್ಮಲ್ಲಿ ಸೆಕೆಂಡ್‌ಹ್ಯಾಂಡ್ ಡಿಸ್ಕ್ ವ್ಯವಹಾರ ಹೇಗೆ ನಡೆಯುತ್ತದೆ ಅಂತ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಸುತ್ತಿದವರಿಗೆ ಹೇಳಬೇಕಾಗಿಲ್ಲ. ಎಲ್ಲವನ್ನೂ ಹೊಸದಾಗಿ ತಗೊಳ್ಳುವವರಿಗೆ ನಾಲ್ಕೈದು ಗೇಮ್‌ಗೇ ಆ ಉಳಿತಾಯ ಕರಗಿಹೋಗುತ್ತದೆ.

2023ರ ಸ್ಲಿಮ್ ಡಿಜಿಟಲ್ ಮಾದರಿಗೆ ಡ್ರೈವ್ ಆಮೇಲೆ ಸೇರಿಸಬಹುದು. ಮೊದಲ ಸಲ ಜೋಡಿಸುವಾಗ ಇಂಟರ್ನೆಟ್ ಬೇಕು. ಬಿಡಿಯಾಗಿ ಆ ಡ್ರೈವ್ ನಿಮ್ಮೂರಲ್ಲಿ ಸಿಗುತ್ತದಾ ಎಂದು ಮೊದಲು ಕೇಳಿ, ಆಮೇಲೆ ಅದರ ಮೇಲೆ ಭರವಸೆ ಇಡಿ.

ಎಕ್ಸ್‌ಬಾಕ್ಸ್‌ನ ಸ್ಟೋರೇಜ್ ಕಾರ್ಡ್ ಕೂಡ ಅವರದೇ ಬೇರೆ ಆಕಾರದ್ದು, ದುಬಾರಿ. ಪಿಎಸ್5ಗೆ ಮಾರ್ಕೆಟ್‌ನಲ್ಲಿ ಸಿಗುವ ಎಂ.2 ಎಸ್‌ಎಸ್‌ಡಿ ತಂದು ಹಾಕಬಹುದು, ವೇಗ ಸಾಕಷ್ಟಿದ್ದರೆ ಆಯಿತು.

ಕುಡ್ಲದ_ಗೇಮರ್:
ಒಂದೇ ಬೆಲೆ ಇಟ್ಟು ಒಳಗೆ ಕಮ್ಮಿ ಮಾಡುವುದೂ ಇದೆ. 2025ರಲ್ಲಿ ಯೂರೋಪಿನಲ್ಲಿ ಪಿಎಸ್5 ಡಿಜಿಟಲ್‌ನ ಹೊಸ ಮಾದರಿ ಬಂತಲ್ಲ, ಸ್ಟೋರೇಜ್ 1 ಟಿಬಿಯಿಂದ 825 ಜಿಬಿಗೆ ಇಳಿಸಿದ್ದರು. ಬಿಸ್ಕೆಟ್ ಕಂಪನಿಯವರೇ ವಾಸಿ.

ಹಳೇ_ಕ್ಯಾಸೆಟ್:
ಹಳೇ ಕಾಲದವನು ನಾನು, ಹಳೇ ಕಥೆ ಹೇಳಲು ಬಿಡಿ.

1989ರಲ್ಲಿ ನಿಂಟೆಂಡೊ ಗೇಮ್‌ಬಾಯ್ ಬಂತು. ಅಮೆರಿಕದಲ್ಲಿ 90 ಡಾಲರ್. ಬಣ್ಣ ಇಲ್ಲ, ಬೆಳಕಿಲ್ಲ, ಹಸಿರು ಮಿಶ್ರಿತ ಮಂಕು ಪರದೆ. ಅದೇ ವರ್ಷ ಅಟಾರಿ ಲಿಂಕ್ಸ್ ಬಂತು. ಬಣ್ಣದ ಪರದೆ, ಹಿಂದಿನಿಂದ ಬೆಳಕು, ಬೆಲೆ 180ರ ಹತ್ತಿರ. ಕಾಗದದ ಮೇಲೆ ನೋಡಿದರೆ ಗೇಮ್‌ಬಾಯ್ ನಿಲ್ಲುವ ಮಾತೇ ಇಲ್ಲ. ಆದರೆ ಲಿಂಕ್ಸ್ ಆರು ಸೆಲ್‌ಗಳನ್ನು ನಾಲ್ಕೈದು ಗಂಟೆಯಲ್ಲಿ ನುಂಗುತ್ತಿತ್ತು. ಗೇಮ್‌ಬಾಯ್ ನಾಲ್ಕೇ ಸೆಲ್‌ನಲ್ಲಿ ಅದರ ಮೂರು ಪಟ್ಟಿಗೂ ಜಾಸ್ತಿ ಹೊತ್ತು ಓಡುತ್ತಿತ್ತು. ಅದನ್ನು ರೂಪಿಸಿದ ಗುನ್‌ಪೇಯಿ ಯೊಕೊಯಿ ಅವರ ಸಿದ್ಧಾಂತವೇ ಹಾಗಿತ್ತು: ಹಳೆಯದಾಗಿ, ಅಗ್ಗವಾಗಿ, ಎಲ್ಲ ದೋಷ ಗೊತ್ತಾಗಿ ಮುಗಿದಿರುವ ತಂತ್ರಜ್ಞಾನ ತಗೊಳ್ಳಿ, ಅದನ್ನು ಹೊಸ ರೀತಿಯಲ್ಲಿ ಬಳಸಿ. ಕೊಲ್ಲಿ ಯುದ್ಧದಲ್ಲಿ ಸುಟ್ಟು ಕರಕಲಾದ ಒಂದು ಗೇಮ್‌ಬಾಯ್ ಆಮೇಲೂ ಓಡುತ್ತಿತ್ತು. ನ್ಯೂಯಾರ್ಕಿನ ನಿಂಟೆಂಡೊ ಅಂಗಡಿಯಲ್ಲಿ ಬಹಳ ವರ್ಷ ಪ್ರದರ್ಶನಕ್ಕೆ ಇಟ್ಟಿದ್ದರು. ಅಗ್ಗ, ದುರ್ಬಲ, ಆದರೆ ಕಲ್ಲಿನಂಥ ಗಟ್ಟಿ.

ಅದೇ ಸಿದ್ಧಾಂತ 2006ರಲ್ಲಿ ಮತ್ತೆ ಗೆದ್ದಿತು. ನಿಂಟೆಂಡೊದ ವೀ ಕನ್ಸೋಲ್ 249 ಡಾಲರ್, ಪಿಎಸ್3 499 ಮತ್ತು 599. ವೀಗೆ ಎಚ್‌ಡಿ ಚಿತ್ರವೇ ಬರುತ್ತಿರಲಿಲ್ಲ. ಒಳಗಿದ್ದದ್ದು ಅವರದೇ ಹಿಂದಿನ ಕನ್ಸೋಲ್ ಗೇಮ್‌ಕ್ಯೂಬ್‌ನ ಚಿಪ್ಪಿನ ಸುಧಾರಿತ ರೂಪ. ಮಾರಿದ್ದು 10 ಕೋಟಿಗೂ ಮೇಲೆ, ಪಿಎಸ್3ಗಿಂತಲೂ ಜಾಸ್ತಿ.

ಕಂಟ್ರೋಲರ್ ವಿಷಯ ಬಂದರೆ ನನಗೆ ಸಿಟ್ಟು ಬರುತ್ತದೆ. ಸೆಗಾ ಡ್ರೀಮ್‌ಕಾಸ್ಟ್, 1999ರಲ್ಲಿ 199 ಡಾಲರ್. ಅದರ ಸ್ಟಿಕ್‌ನಲ್ಲಿ ಅಯಸ್ಕಾಂತದ ಸೆನ್ಸರ್ ಇತ್ತು, ಹಾಲ್ ಎಫೆಕ್ಟ್ ಅಂತಾರಲ್ಲ ಅದು. ಒಳಗೆ ಉಜ್ಜುವ ಭಾಗ ಇಲ್ಲ, ಹಾಗಾಗಿ ಸವೆಯುವ ಮಾತಿಲ್ಲ. ಇಂದು ಸೋನಿಯ 199 ಡಾಲರಿನ ಎಡ್ಜ್ ಕಂಟ್ರೋಲರ್‌ನಲ್ಲೂ ಇರುವುದು ಉಜ್ಜಿ ಸವೆಯುವ ಹಳೇ ಪೊಟೆನ್ಶಿಯೋಮೀಟರ್. ಸವೆದರೆ ಸ್ಟಿಕ್ ಭಾಗ ಬದಲಿಸಿಕೊಳ್ಳಬಹುದು ಎಂಬುದೇ ದೊಡ್ಡ ಸೌಲಭ್ಯ! ಅಂದು ಇಡೀ ಕನ್ಸೋಲ್ ಬೆಲೆ ಇಂದು ಬರೀ ಕಂಟ್ರೋಲರ್‌ಗೆ, ಆದರೂ ಸ್ಟಿಕ್ ಸವೆಯುವ ಥರದ್ದೇ.

ಬೆಸುಗೆ_ಕೈ:
@ಹಳೇ_ಕ್ಯಾಸೆಟ್ ಸರ್, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಸ್ಟಿಕ್ ತಾನಾಗೇ ಒಂದು ಕಡೆ ಎಳೆಯುವ ಕಾಯಿಲೆ ದುಬಾರಿ ಯಂತ್ರಕ್ಕೂ ಅಗ್ಗದ್ದಕ್ಕೂ ಸಮಾನ. ನಿಂಟೆಂಡೊ ಅಧ್ಯಕ್ಷ ಫುರುಕಾವಾ ಅವರೇ 2020ರಲ್ಲಿ ಜಾಯ್‌ಕಾನ್ (ಅವರ ಸ್ವಿಚ್ ಕನ್ಸೋಲ್‌ನ ಬಿಚ್ಚಿ ತೆಗೆಯುವ ಕಂಟ್ರೋಲರ್) ತೊಂದರೆಗೆ ಕ್ಷಮೆ ಕೇಳಿದರು. ಆದರೆ ಅಗ್ಗದ ಸ್ವಿಚ್ ಲೈಟ್‌ನಲ್ಲಿ ಸ್ಟಿಕ್ ಯಂತ್ರಕ್ಕೇ ಅಂಟಿಕೊಂಡಿದೆ, ಬಿಚ್ಚಿ ಪಕ್ಕಕ್ಕಿಡುವ ಹಾಗಿಲ್ಲ. ಕೆಟ್ಟರೆ ಇಡೀ ಯಂತ್ರ ರಿಪೇರಿಗೆ ಹೋಗಬೇಕು. ಅಗ್ಗದ್ದರಲ್ಲಿ ನಿಜವಾಗಿ ಚುಚ್ಚುವುದು ಇಂಥ ಜಾಗದಲ್ಲಿ.

ಹುಬ್ಬಳ್ಳಿ_ಹುಡುಗ:
ಎಲ್ಲ ಸರಿ. ಆದರೆ "ಅಗ್ಗ ಅಂದರೆ ಕಳಪೆ ಅಲ್ಲ" ಅಂತ ಓದಿ ಯಾರಾದರೂ ಆನ್‌ಲೈನ್‌ನಲ್ಲಿ ಎರಡು ಸಾವಿರದ ಗೇಮ್ ಸ್ಟಿಕ್ ತರಿಸಿಬಿಟ್ಟಾರು. ಟಿವಿಗೆ ಸಿಕ್ಕಿಸುವ ಕಡ್ಡಿ, ಎರಡು ಕಂಟ್ರೋಲರ್, ಡಬ್ಬದ ಮೇಲೆ 4ಕೆ, ಹತ್ತು ಸಾವಿರ ಗೇಮ್. ಒಳಗಿರುವುದು ಎಂಬತ್ತು ತೊಂಬತ್ತರ ದಶಕದ ಗೇಮ್‌ಗಳ ಕದ್ದ ಕಾಪಿ. ಒಂದೇ ಗೇಮ್ ಬೇರೆ ಬೇರೆ ಹೆಸರಲ್ಲಿ ಹತ್ತು ಸಲ ಇರುತ್ತದೆ. 4ಕೆ ಅಂದರೆ ಹಳೇ ಚಿತ್ರವನ್ನು ಹಿಗ್ಗಿಸಿ ತೋರಿಸುವುದು. ಮೆಮೊರಿ ಕಾರ್ಡ್ ಹೆಸರಿಲ್ಲದ್ದು, ಅದು ಹೋದರೆ ಎಲ್ಲ ಹೋಯಿತು. ಗುಂಡಿ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಮಾರಿಯೋ ಹಾರುತ್ತಾನೆ, ಅಷ್ಟರಲ್ಲಿ ಹಳ್ಳಕ್ಕೆ ಬಿದ್ದಿರುತ್ತಾನೆ.

ಹೆಸರಿರುವ ಕಂಪನಿಯೂ ಅಗ್ಗಕ್ಕೆ ಹೋಗಿ ಕೈ ಸುಟ್ಟುಕೊಂಡಿದೆ. ಊಯಾ ನೆನಪಿದೆಯಾ? 2012ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ 85 ಲಕ್ಷ ಡಾಲರ್ ಎತ್ತಿ, 2013ರಲ್ಲಿ 99 ಡಾಲರಿಗೆ ಕನ್ಸೋಲ್ ತಂದರು. ಕಂಟ್ರೋಲರ್ ಗುಂಡಿಗಳು ಒಳಗೇ ಸಿಕ್ಕಿಕೊಳ್ಳುತ್ತಿದ್ದವು. ಒಳಗಿದ್ದ ಟೆಗ್ರಾ 3 ಫೋನ್ ಚಿಪ್ಪು, ಬರುವ ಹೊತ್ತಿಗೇ ಹಳೆಯದು. 2015ರಲ್ಲಿ ರೇಜರ್‌ಗೆ ಮಾರಿಕೊಂಡು ಮುಗಿಯಿತು. ಅಲ್ಲಿ ಬೆಲೆಯೂ ಕಮ್ಮಿ, ಕ್ವಾಲಿಟಿಯೂ ಕಮ್ಮಿ.

ಬಗ್_ಹಿಡಿಯುವಾಕೆ:
ಊಯಾ ವಿಷಯದಲ್ಲಿ ಜಗಳ ಇಲ್ಲ. @ದಾವಣಗೆರೆ_ಅಪ್ಪ, ನಿಮ್ಮ ಟಿವಿ ಯಾವುದು, ಮಗಳು ಆಡಬೇಕೆಂದಿರುವ ಗೇಮ್ ಯಾವುದು ಅಂತ ನಾವು ಯಾರೂ ಕೇಳಲೇ ಇಲ್ಲ. ಅದು ಗೊತ್ತಿಲ್ಲದೆ ಎಷ್ಟು ಬರೆದರೂ ದಂಡ. ಟಿವಿ 4ಕೆ ಅಲ್ಲದಿದ್ದರೆ ಸೀರೀಸ್ ಎಕ್ಸ್‌ಗೆ ಕೊಡುವ ಜಾಸ್ತಿ ದುಡ್ಡಿನ ಬಹುಪಾಲು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ದಾವಣಗೆರೆ_ಅಪ್ಪ:
ಅಬ್ಬಾ, ಇಷ್ಟೊಂದು ಉತ್ತರ! ಎಲ್ಲವನ್ನೂ ಓದಿದೆ. ಟಿವಿ 32 ಇಂಚು, ಫುಲ್ ಎಚ್‌ಡಿ. ಸದ್ಯಕ್ಕೆ ಬದಲಿಸುವ ಯೋಚನೆ ಇಲ್ಲ. ಮಗಳನ್ನು ಕೇಳಿದರೆ ಸ್ಪೈಡರ್‌ಮ್ಯಾನ್ 2 ಅಂತಾಳೆ, ಆಮೇಲೆ ಫುಟ್‌ಬಾಲ್. ಅವಳ ದೊಡ್ಡಮ್ಮನ ಮಗನ ಹತ್ತಿರ ಪಿಎಸ್5 ಇದೆ, ಬೇಕಾದಷ್ಟು ಡಿಸ್ಕ್ ಇಟ್ಟುಕೊಂಡಿದ್ದಾನೆ.

ಡಿಸ್ಕ್_ಪ್ರೇಮಿ:
ಇದನ್ನು ಮೊದಲೇ ಹೇಳಬಾರದಿತ್ತಾ ಸರ್! ಸ್ಪೈಡರ್‌ಮ್ಯಾನ್ 2 ಎಕ್ಸ್‌ಬಾಕ್ಸ್‌ಗೆ ಬಂದೇ ಇಲ್ಲ. ಅಣ್ಣನ ಹತ್ತಿರ ಡಿಸ್ಕ್ ಇದ್ದರೆ ನಿಮಗೆ ಮೊದಲ ವರ್ಷ ಗೇಮ್ ಖರ್ಚೇ ಇಲ್ಲ. ಡಿಸ್ಕ್ ಇರುವ ಪಿಎಸ್5 ಸ್ಲಿಮ್ ತಗೊಳ್ಳಿ.

ಕುಡ್ಲದ_ಗೇಮರ್:
ಅಂದರೆ ಅಂಗಡಿಯವನು ಹೇಳಿದ್ದೇ ಸರಿ ಆಯಿತಲ್ಲ ಮಾರಾಯ್ರೇ.

ಬಗ್_ಹಿಡಿಯುವಾಕೆ:
ಯಂತ್ರ ಸರಿ, ಕಾರಣ ತಪ್ಪು. ಅಣ್ಣನ ಡಿಸ್ಕ್ ಇಲ್ಲದೆ, ಫುಟ್‌ಬಾಲ್ ಮಾತ್ರ ಸಾಕು ಅಂದಿದ್ದರೆ ಅದೇ 32 ಇಂಚಿನ ಟಿವಿಗೆ ಸೀರೀಸ್ ಎಸ್ ಧಾರಾಳ ಸಾಕಿತ್ತು.

ದಾವಣಗೆರೆ_ಅಪ್ಪ:
ಹಾಗಿದ್ದರೆ ಅದೇ ಇರಲಿ. ಅದೇ ಅಂಗಡಿಯವರು ಬಿಲ್ ಇಲ್ಲದಿದ್ದರೆ ಮೂರು ಸಾವಿರ ಕಮ್ಮಿ ಮಾಡಿಕೊಡುತ್ತೇವೆ ಅಂದಿದ್ದರು. ತಗೊಳ್ಳಬಹುದಾ?

ಬೆಸುಗೆ_ಕೈ:
ಬೇಡವೇ ಬೇಡ ಸರ್. ಬಿಲ್ ಇಲ್ಲ ಅಂದರೆ ವಾರಂಟಿ ಇಲ್ಲ, ಹೊರದೇಶದಿಂದ ತಂದ ಪೀಸ್ ಆಗಿದ್ದರೂ ಆಶ್ಚರ್ಯ ಇಲ್ಲ. ಜಿಎಸ್‌ಟಿ ಬಿಲ್ ತಗೊಳ್ಳಿ, ಅದರಲ್ಲಿ ಸೀರಿಯಲ್ ನಂಬರ್ ಬರೆಸಿ, ಡಬ್ಬದ ಮೇಲಿನ ನಂಬರ್ ಮತ್ತು ಯಂತ್ರದ ಹಿಂದಿನ ನಂಬರ್ ಒಂದೇನಾ ಅಂತ ಅಲ್ಲೇ ನೋಡಿ. ಮನೆಯಲ್ಲಿ ಟಿವಿ ಪಕ್ಕ ಬಯಲಲ್ಲಿಡಿ, ಕಪಾಟಿನೊಳಗೆ ಬೇಡ.

ದಾವಣಗೆರೆ_ಅಪ್ಪ:
ಆಯ್ತು, ನಾಳೆ ಸಂಜೆ ಹೋಗುತ್ತೇನೆ. ಇನ್ನೊಂದೇ ಒಂದು: ಕರೆಂಟ್ ಹೋಗಿ ಬರುವುದು ನಮ್ಮ ಏರಿಯಾದಲ್ಲಿ ಜಾಸ್ತಿ. ಸ್ಟೆಬಿಲೈಸರ್ ಬೇಕಾ?

ಬೆಸುಗೆ_ಕೈ:
ಸ್ಟೆಬಿಲೈಸರ್ ಬೇಡ, ಯಂತ್ರದ ಪವರ್ ಸಪ್ಲೈ ಅಷ್ಟು ಏರಿಳಿತ ತಡೆದುಕೊಳ್ಳುತ್ತದೆ. ಒಳ್ಳೆ ಸರ್ಜ್ ಪ್ರೊಟೆಕ್ಟರ್ ಹಾಕಿ, ಅರ್ಥಿಂಗ್ ಸರಿ ಇರುವ ಪ್ಲಗ್‌ಗೆ. ಪದೇ ಪದೇ ಹೋಗುವುದಾದರೆ ಸಣ್ಣ ಯುಪಿಎಸ್ ಇಡಿ. ಗೇಮ್ ಸೇವ್ ಆಗುವಾಗ ಕರೆಂಟ್ ಹೋದರೆ ಫೈಲ್ ಹಾಳಾಗಬಹುದು. ಯುಪಿಎಸ್ ತಗೊಳ್ಳುವಾಗ ಟಿವಿಯ ವ್ಯಾಟ್ ಕೂಡ ಸೇರಿಸಿ ಲೆಕ್ಕ ಹಾಕಿ, ಪಿಎಸ್5 ಒಂದೇ ಆಡುವಾಗ ಇನ್ನೂರು ವ್ಯಾಟ್ ಹತ್ತಿರ ಎಳೆಯುತ್ತದೆ.